ವಿಡಿಯೋ ನೋಡಿ ಕಲಿಯೋದಾ, ಓದಿ ಕಲಿಯೋದಾ?

ನಾನು ಓದಿನ ಪಕ್ಷದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಳಗೆ ವಿಡಿಯೋ ಎಲ್ಲೆಲ್ಲಿ ಗೆದ್ದಿದೆಯೋ ಅಲ್ಲೆಲ್ಲ ನನಗೆ ಮನಸ್ಸಿಲ್ಲದಿದ್ದರೂ ಗೆದ್ದಿದೆ ಅಂತ ತಿಳಿದುಕೊಳ್ಳಿ. ಒಂದೇ ಕೆಲಸವನ್ನು ಎರಡೂ ದಾರಿಯಲ್ಲಿ ಕಲಿತು ನೋಡಿದ್ದೇನೆ. ಒಂದೇ ಪಾಠವನ್ನು ಬರೆದೂ ನೋಡಿದ್ದೇನೆ, ರೆಕಾರ್ಡ್ ಮಾಡಿಯೂ ನೋಡಿದ್ದೇನೆ.

ಕೈಕೆಲಸದಿಂದ ಶುರು ಮಾಡೋಣ, ಓದು ಸೋಲುವುದು ಅಲ್ಲೇ ಎದ್ದು ಕಾಣುತ್ತದೆ. ಸೈಕಲ್ಲಿನ ಹಿಂದಿನ ಗೇರ್ ಹೊಂದಿಸುವುದನ್ನು ಮೊದಲು ಓದಿ ಕಲಿಯಲು ಹೊರಟೆ. ಬರಹ ಚೆನ್ನಾಗಿಯೇ ಇತ್ತು. ಎಚ್ ಅಂತ ಗುರುತಿರುವ ಸ್ಕ್ರೂ ಚೈನು ಹಿಂದಿನ ಅತಿ ಸಣ್ಣ ಹಲ್ಲುಚಕ್ರದಿಂದ ಆಚೆ ಜಾರದಂತೆ ತಡೆಯುತ್ತದೆ. ಎಲ್ ಸ್ಕ್ರೂ ಅತಿ ದೊಡ್ಡದನ್ನು ದಾಟಿ ಕಡ್ಡಿಗಳಿಗೆ ಸಿಕ್ಕಿಕೊಳ್ಳದಂತೆ ತಡೆಯುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಎಲ್ಲ ಅರ್ಥವಾಯಿತು. ಆಮೇಲೆ ಬಂತು, ‘ಚೈನು ಸದ್ದಿಲ್ಲದೆ ಓಡುವವರೆಗೆ ಬ್ಯಾರಲ್ ಅಡ್ಜಸ್ಟರ್ ತಿರುಗಿಸಿ’ ಎನ್ನುವ ಸಾಲು (ಗೇರ್ ಕೇಬಲ್ಲಿನ ಬಿಗಿ ಹೊಂದಿಸುವ ತಿರುಪು ಅದು). ಯಾವ ಸೈಕಲ್ಲಿನ ಚೈನು ಪೂರಾ ಸದ್ದಿಲ್ಲದೆ ಓಡುತ್ತದೆ? ಎಷ್ಟು ಸದ್ದಿದ್ದರೆ ಸರಿ, ಎಷ್ಟಿದ್ದರೆ ತಪ್ಪು?

ಅದೇ ಕೆಲಸದ ವಿಡಿಯೋ ಹಾಕಿದೆ. ಕಟಕಟ ಅನ್ನುತ್ತಿದ್ದ ಚೈನು ಅಡ್ಜಸ್ಟರ್ ಅರ್ಧ ಸುತ್ತು ತಿರುಗುವಷ್ಟರಲ್ಲಿ ಸಣ್ಣ ಝೇಂಕಾರಕ್ಕೆ ಇಳಿದದ್ದು ಕಿವಿಗೇ ಬಿತ್ತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು. ತೋರಿಸುತ್ತಿದ್ದಾತ ಪ್ರತಿ ಸಲವೂ ಬಾಯಿಬಿಟ್ಟು ಹೇಳದೆಯೇ ಚಕ್ರದ ನೇರ ಹಿಂದೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮೇಲಿನ ಹಲ್ಲುಚಕ್ರ, ಕೆಳಗಿನ ಪುಟ್ಟ ಗೈಡ್ ಚಕ್ರ ಎರಡೂ ಒಂದೇ ಸಾಲಿನಲ್ಲಿವೆಯೇ ಅಂತ ಗೊತ್ತಾಗುವುದು ಅಲ್ಲಿಂದ ನೋಡಿದಾಗ. ಅವನು ಬರೆಯಲು ಕೂತಿದ್ದರೆ ಈ ಮಾತು ಹೊಳೆಯುತ್ತಲೇ ಇರಲಿಲ್ಲವೇನೋ. ಕೈಗೆ ರೂಢಿಯಾದದ್ದು ಬಾಯಿಗೆ ಬರುವುದು ಕಷ್ಟ. ಕಲಿಸುವವನಿಗೇ ಗೊತ್ತಿಲ್ಲದೆ ಕಲಿಸಿಬಿಡುವ ಈ ಗುಣ ಬರಹಕ್ಕೆ ಇಲ್ಲ.

ಆದರೆ ಅದೇ ಗೇರ್ ಮತ್ತೆ ಕೈಕೊಟ್ಟಾಗ ನನಗೆ ಬೇಕಾಗಿದ್ದು ಒಂದೇ ವಿಷಯ: ಚೈನು ದೊಡ್ಡ ಚಕ್ರಕ್ಕೆ ಏರಲು ಸತಾಯಿಸಿದರೆ ಅಡ್ಜಸ್ಟರನ್ನು ಯಾವ ಕಡೆ ತಿರುಗಿಸಬೇಕು? ಗಡಿಯಾರದ ಮುಳ್ಳಿಗೆ ಎದುರಾಗಿ. ಆಗ ಕೇಬಲ್ ಬಿಗಿಯಾಗುತ್ತದೆ. ಹೇಳಲು ಎರಡು ಉಸಿರು ಸಾಕು. ವಿಡಿಯೋದಲ್ಲಿ ಅದು ಎಲ್ಲೋ ನಡುವೆ ಹುದುಗಿತ್ತು. ಗ್ರೀಸ್ ಮೆತ್ತಿದ ಬೆರಳಲ್ಲಿ ಫೋನಿನ ಪರದೆ ಎಳೆದು, ಹಿಂದೆ ಹೋಗಿ, ಮುಂದೆ ಬಂದು, ಬೇಕಾದ ಮಾತು ಮುಗಿದ ಮರುಕ್ಷಣಕ್ಕೆ ತಲುಪಿ, ಮತ್ತೆ ಹಿಂದೆ. ಬರಹ ತೆಗೆದೆ, ಕಣ್ಣಾಡಿಸಿದೆ, ಸಿಕ್ಕಿತು. ಮೊದಲ ಸಲ ಕಲಿಯುವಾಗ ವಿಡಿಯೋ, ಎರಡನೇ ಸಲದಿಂದ ಮುಂದಕ್ಕೆಲ್ಲ ಬರಹ. ನನ್ನ ಮಟ್ಟಿಗೆ ಹೋಲಿಕೆಯ ಅರ್ಧ ಭಾಗ ಇಲ್ಲೇ ತೀರ್ಮಾನವಾಯಿತು.

ಸಂಶೋಧಕರ ಫಲಿತಾಂಶಗಳೂ ಹೀಗೆ ಎರಡು ಪಾಲಾಗುತ್ತವೆ. ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಸಂಗಡಿಗರು 2005ರಲ್ಲಿ ಮಿಂಚು, ಸಮುದ್ರದ ಅಲೆ, ಫ್ಲಶ್ ಟ್ಯಾಂಕು, ಕಾರಿನ ಬ್ರೇಕು ಹೇಗೆ ಕೆಲಸ ಮಾಡುತ್ತವೆ ಅನ್ನುವುದನ್ನು ಒಂದು ಗುಂಪಿಗೆ ಮಾತು ಸೇರಿಸಿದ ಅನಿಮೇಷನ್ನಿನಲ್ಲಿ, ಇನ್ನೊಂದಕ್ಕೆ ಚಿತ್ರವಿರುವ ಅಚ್ಚಿನ ಹಾಳೆಯಲ್ಲಿ ಕೊಟ್ಟು ನೋಡಿದರು. ಒಂದು ವಿಷಯದಲ್ಲೂ ಅನಿಮೇಷನ್ ಮೇಲುಗೈ ಸಾಧಿಸಲಿಲ್ಲ. ಕೆಲವು ಕಡೆ ಹಾಳೆಯೇ ಮುಂದಿತ್ತು. ಆದರೆ ಕಾಗದ ಮಡಿಸುವಂಥ ಕೈಚಳಕದ ಕೆಲಸವನ್ನು 2009ರಲ್ಲಿ ಬೇರೆಯವರು ಪರೀಕ್ಷಿಸಿದಾಗ ಚಲಿಸುವ ಚಿತ್ರ ಗೆದ್ದಿತು. ಅಂದರೆ ‘ಇದು ಹೇಗೆ ನಡೆಯುತ್ತದೆ’ ಅಂತ ತಿಳಿಯಲು ಹಾಳೆ ಸಾಕು, ‘ನಾನು ಹೇಗೆ ಮಾಡಲಿ’ ಅಂತ ಕೈ ಕೇಳಿದಾಗ ವಿಡಿಯೋ ಬೇಕು.

ಟೈಪ್ ಮಾಡಿ ಕೊಡುವ ಕಂಪ್ಯೂಟರ್ ಕಮಾಂಡಿನ ವಿಷಯಕ್ಕೆ ಬಂದರೆ ವಿಡಿಯೋ ನನಗೆ ಸಿಟ್ಟೇ ತರಿಸುತ್ತದೆ. ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ತಂತ್ರಾಂಶದಲ್ಲಿ ವಿಡಿಯೋದ ಒಂದು ತುಣುಕು ಕತ್ತರಿಸುವುದನ್ನು (ವಿಡಿಯೋ ಕತ್ತರಿಸುವುದನ್ನು ವಿಡಿಯೋದಲ್ಲೇ ಕಲಿಯೋಣ ಅಂತ) ನೋಡಿದೆ. ಅದರಲ್ಲಿ ‘ಎಸ್‌ಎಸ್’ ಅನ್ನುವ ಆಯ್ಕೆಯನ್ನು ಫೈಲಿನ ಹೆಸರಿಗಿಂತ ಮುಂಚೆ ಬರೆದರೆ ತಂತ್ರಾಂಶ ನೇರವಾಗಿ ಆ ಕ್ಷಣದ ಹತ್ತಿರಕ್ಕೆ ಜಿಗಿಯುತ್ತದೆ. ನಂತರ ಬರೆದರೆ ಮೊದಲಿಂದ ಅಲ್ಲಿಯವರೆಗಿನದನ್ನೆಲ್ಲ ಬಿಚ್ಚಿ, ಬಿಸಾಡಿ, ಆಮೇಲೆ ಕೆಲಸ ಶುರು ಮಾಡುತ್ತದೆ. ಉದ್ದದ ಫೈಲಾದರೆ ಕಾಯುವ ಹೊತ್ತು ಎಷ್ಟೋ ಪಟ್ಟು. ಇಷ್ಟು ಮುಖ್ಯವಾದ ಜಾಗದ ವ್ಯತ್ಯಾಸ ವಿಡಿಯೋದಲ್ಲಿ ಕಣ್ಣು ಮಿಟುಕಿಸುವುದರಲ್ಲಿ ಹೋಗಿಬಿಡುತ್ತದೆ. ನಿಲ್ಲಿಸಿ ನೋಡಿದರೆ ಮಸುಕು ಪರದೆಯಲ್ಲಿ ಅದು ಸೊನ್ನೆಯೋ ಓ ಅಕ್ಷರವೋ, ಹೈಫನ್ ಒಂದೋ ಎರಡೋ ತಿಳಿಯದು. ಬರಹದಲ್ಲಿ ಎರಡೂ ಕಮಾಂಡುಗಳು ಒಂದರ ಕೆಳಗೊಂದು ನಿಂತಿರುತ್ತವೆ. ನಕಲು ಮಾಡಿ ಅಂಟಿಸಿದರೆ ಮುಗಿಯಿತು. ಇಲ್ಲಿ ವಿಡಿಯೋ ಪರವಾಗಿ ವಾದಿಸುವವರನ್ನು ನನಗೆ ಅರ್ಥ ಮಾಡಿಕೊಳ್ಳಲು ಆಗಿಲ್ಲ. ತೋರಿಸಲೇಬೇಕೆಂಬ ಹಟವಿದ್ದರೆ ಆಸ್ಕಿನೆಮಾ ಅನ್ನುವ ತಂತ್ರಾಂಶ ಇದೆ: ಟರ್ಮಿನಲ್ಲಿನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ನಡೆದದ್ದನ್ನು ಅಕ್ಷರವಾಗಿಯೇ ದಾಖಲಿಸುತ್ತದೆ, ನಿಲ್ಲಿಸಿ ನಕಲು ಮಾಡಿಕೊಳ್ಳಬಹುದು.

ಮೆನು, ಬಟನ್ನು ಒತ್ತುವ ತಂತ್ರಾಂಶಗಳಿಗೆ ಸ್ಕ್ರೀನ್‌ಶಾಟ್ ಹಾಕಿದ ಬರಹ ಸಾಕು. ಎಳೆದು ಬಿಡುವ ಕೆಲಸವಿದ್ದ ಕಡೆ ಮಾತ್ರ ಕೆಲವೇ ಸೆಕೆಂಡಿನ ಮೂಕ ತುಣುಕು.

ವೇಗದ ವಾದವನ್ನು ಓದಿನ ಪಕ್ಷದವರು ಸ್ವಲ್ಪ ಉಬ್ಬಿಸಿ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಕಥೆಯಲ್ಲದ ಬರಹದ ವಯಸ್ಕರ ಮೌನ ಓದು ನಿಮಿಷಕ್ಕೆ ಸುಮಾರು 238 ಪದ ಅಂತ 2019ರ ಒಂದು ದೊಡ್ಡ ಪರಿಶೀಲನೆ ಲೆಕ್ಕ ಹಾಕಿದೆ. ಮಾತು 150ರ ಆಸುಪಾಸು. ಆದರೆ ವಿಡಿಯೋವನ್ನು ಎರಡು ಪಟ್ಟು ವೇಗಕ್ಕೆ ಹಾಕಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ, ನಾನೂ ಹಾಗೆ ಎಷ್ಟೋ ಕೇಳಿದ್ದೇನೆ. ಓದಿನ ಬಲ ಇರುವುದು ಬಿಟ್ಟು ಹೋಗುವುದರಲ್ಲಿ. ಬೇಡದ ಪ್ಯಾರಾ ಬೇಡದ್ದು ಅಂತ ಅರ್ಧ ಸಾಲಿಗೇ ಗೊತ್ತಾಗುತ್ತದೆ. ವಿಡಿಯೋದಲ್ಲಿ ಬೇಡದ್ದು ಯಾವುದು ಅಂತ ತಿಳಿಯಲು ಅದನ್ನು ಕೇಳಿಯೇ ತೀರಬೇಕು. ಬೇಡದ್ದು ಬೇಕಾದಷ್ಟು ಇರುವುದಕ್ಕೂ ಕಾರಣವಿದೆ. ಯೂಟ್ಯೂಬಿನಲ್ಲಿ ನಡುನಡುವೆ ಜಾಹೀರಾತು ಬರಬೇಕಾದರೆ ವಿಡಿಯೋ ಕನಿಷ್ಠ 8 ನಿಮಿಷವಿರಬೇಕು, 2020ರವರೆಗೆ 10 ಇತ್ತು. ಮೂರು ನಿಮಿಷದ ಉತ್ತರಕ್ಕೆ ಐದು ನಿಮಿಷದ ಪೀಠಿಕೆ ಹುಟ್ಟುವುದು ಹೀಗೆ. ಸರ್ಚಿನಲ್ಲಿ ಮೇಲೆ ಬರಲೆಂದು ಎಳೆದಾಡಿದ ಬರಹಗಳೂ ಸಾಚಾ ಅಲ್ಲ, ಆದರೆ ಹೆಬ್ಬೆರಳಿನಿಂದ ಒಂದು ಸಲ ತಳ್ಳಿದರೆ ದಾಟಿಬಿಡಬಹುದು. 2021ರಲ್ಲಿ ಯೂಟ್ಯೂಬ್ ಡಿಸ್‌ಲೈಕ್ ಎಣಿಕೆ ಮರೆಮಾಡಿದ ಮೇಲಂತೂ ದಂಡದ ಪಾಠವನ್ನು ನೋಡುವ ಮುಂಚೆ ಗುರುತಿಸುವುದು ಇನ್ನೂ ಕಷ್ಟ. ಈಗ ನಾನು ಮೊದಲು ಟ್ರಾನ್ಸ್‌ಕ್ರಿಪ್ಟ್ (ವಿಡಿಯೋದ ಮಾತಿನ ಬರಹರೂಪ) ತೆರೆದು ಅದರಲ್ಲೇ ಹುಡುಕುತ್ತೇನೆ. ಅಂದರೆ ವಿಡಿಯೋವನ್ನೂ ಓದುತ್ತೇನೆ.

ಇನ್ನು ಪಾಠ ತಯಾರಿಸುವವರ ಕಡೆಯಿಂದ. ಮಾತಾಡುವುದು ಸುಲಭ, ಬರೆಯುವುದು ಕಷ್ಟ ಅಂತ ವಿಡಿಯೋಗೆ ಇಳಿಯುವವರು ಬಹಳ. ರೆಕಾರ್ಡಿಂಗ್ ನಿಜಕ್ಕೂ ಬೇಗ ಮುಗಿಯುತ್ತದೆ. ಕೆಮ್ಮು, ತೊದಲು, ‘ಅಂದ್ರೆ ಏನಪ್ಪಾ ಅಂದ್ರೆ’ಗಳನ್ನು ಕತ್ತರಿಸಲು ಕೂತಾಗ ಅಸಲಿ ಬೆಲೆ ಗೊತ್ತಾಗುತ್ತದೆ. ಆಮೇಲೆ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಒಂದು ಬಟನ್ನು ಎಡದಿಂದ ಬಲಕ್ಕೆ ಹೋಯಿತು ಅನ್ನಿ. ಬರಹದಲ್ಲಿ ಒಂದು ಪದ, ಒಂದು ಚಿತ್ರ ಬದಲಿಸಿದರೆ ಆಯಿತು. ಯೂಟ್ಯೂಬಿನಲ್ಲಿ ಅದೇ ಲಿಂಕಿನಲ್ಲಿ ಹೊಸ ಫೈಲು ಕೂರಿಸಲು ಬಿಡುವುದಿಲ್ಲ. ಕತ್ತರಿಸಬಹುದು, ಮಸುಕು ಮಾಡಬಹುದು, ಅಷ್ಟೇ. ವಿಮಿಯೋ ಅನ್ನುವ ಇನ್ನೊಂದು ವಿಡಿಯೋ ತಾಣದಲ್ಲಿ ಬದಲಿಸಬಹುದು, ಆದರೂ ನಡುವೆ ಸೇರಿಸಿದ ಹೊಸ ವಾಕ್ಯದ ದನಿ ಹಳೆಯದಕ್ಕೆ ಹೊಂದುವುದಿಲ್ಲ. ಮೈಕು ಅದೇ, ಕೋಣೆ ಅದೇ, ಗಂಟಲು ಮಾತ್ರ ಬೇರೆ ದಿನದ್ದು.

ಮಾರುವಾಗ ಮಾತ್ರ ಚಿತ್ರ ಪೂರ್ತಿ ಬೇರೆ. ಅದೇ ಸರಕು ಇ-ಪುಸ್ತಕವಾದರೆ ಜನ ಚೌಕಾಸಿ ಮಾಡುತ್ತಾರೆ, ವಿಡಿಯೋ ಕೋರ್ಸಾದರೆ ಅದರ ಹಲವು ಪಟ್ಟು ಕೊಡಲು ತಯಾರು. ಕೋರ್ಸುಗಳ ಜಾಹೀರಾತಿನಲ್ಲಿ ‘ಇಷ್ಟು ಗಂಟೆಗಳ ವಿಡಿಯೋ’ ಅಂತ ದಪ್ಪಕ್ಷರದಲ್ಲಿ ಇರುವುದು ಅದಕ್ಕೇ. ಕಲಿಯುವವನಿಗೆ ಗಂಟೆ ಹೆಚ್ಚಾದಷ್ಟೂ ನಷ್ಟ ಅನ್ನುವುದು ಯಾರ ತಲೆಗೂ ಹೋಗುವುದಿಲ್ಲ. ಮುಖ ಕಾಣುತ್ತದೆ, ದನಿ ಕೇಳುತ್ತದೆ, ನಂಬಿಕೆ ಹುಟ್ಟುತ್ತದೆ. ಇದನ್ನು ನಾನು ತಳ್ಳಿಹಾಕಲಾರೆ. ವೈದ್ಯ, ವಕೀಲ, ವ್ಯಾಯಾಮದ ತರಬೇತುದಾರ ಇಂಥವರು ಮುಖ ತೋರಿಸಿ ಮಾರುವುದರಲ್ಲಿ ಅರ್ಥವಿದೆ. ದುಡ್ಡು ಕೊಡುವ ಮುಂಚೆ ನಾನು ಈಗ ಕೇಳುವುದು ಇಷ್ಟು: ಟ್ರಾನ್ಸ್‌ಕ್ರಿಪ್ಟ್ ಜೊತೆಗೆ ಸಿಗುತ್ತದೆಯೇ, ಪಾಠಗಳು ಸಣ್ಣ ತುಣುಕುಗಳಾಗಿವೆಯೇ, ಡೌನ್‌ಲೋಡ್ ಮಾಡಿಕೊಳ್ಳಲು ಬಿಡುತ್ತಾರೆಯೇ, ಕಡೆಯ ಸಲ ತಿದ್ದಿದ್ದು ಯಾವಾಗ. ಮೊದಲನೆಯದಕ್ಕೇ ಇಲ್ಲ ಅಂದರೆ ಅದೇ ವಿಷಯದ ಪುಸ್ತಕ ಹುಡುಕುತ್ತೇನೆ. ವ್ಯಾಯಾಮದ ಕೋರ್ಸಾದರೆ ಮಾತ್ರ ಟ್ರಾನ್ಸ್‌ಕ್ರಿಪ್ಟ್ ಬಿಟ್ಟು, ಕ್ಯಾಮೆರಾ ಪಕ್ಕದಿಂದಲೂ ತೋರಿಸುತ್ತದೆಯೇ ಅಂತ ನೋಡುತ್ತೇನೆ.