ಎ.ಆರ್.ಟಿ. ಕೇಂದ್ರದ ಆಪ್ತಸಮಾಲೋಚನೆ: ಗುಳಿಗೆಯಷ್ಟೇ ಬೇಕಾದ ಸೇವೆ

ನಮ್ಮ ಕಾಕಾ ಎಂಟು ವರ್ಷಗಳಿಂದ ರಾಯಚೂರು ಜಿಲ್ಲೆಯ ಸರ್ಕಾರಿ ಎ.ಆರ್.ಟಿ. ಕೇಂದ್ರವೊಂದರಲ್ಲಿ (ಎಚ್‌ಐವಿ ಸೋಂಕಿಗೆ ಔಷಧ ಕೊಡುವ ಕೇಂದ್ರ) ಉಚಿತವಾಗಿ ಗುಳಿಗೆ ಪಡೆಯುತ್ತಿದ್ದಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ವರ್ಷಗಳಿಂದಲೂ ಅವರ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ವರದಿಯಲ್ಲಿ ವೈರಸ್ ಕಾಣಿಸಿಲ್ಲ. ಹೀಗಿರುವಾಗ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮುನ್ನ ಖಾಸಗಿ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆ ಮಾಡಿ, ‘ಎಚ್‌ಐವಿ ಪಾಸಿಟಿವ್’ ಎಂಬ ಚೀಟಿಯನ್ನು ಯಾವ ವಿವರಣೆಯೂ ಇಲ್ಲದೆ ಕೈಗಿತ್ತಾಗ, ಔಷಧ ಸೋತಿತೆಂದೇ ತಿಳಿದ ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕೇಂದ್ರದ ಆಪ್ತಸಮಾಲೋಚಕಿ ಚೀಟಿ ನೋಡಿದವರೇ, “ಗುಳಗಿ ಸೋತಿಲ್ರಿ ಕಾಕಾ. ಈ ಪರೀಕ್ಷಾ ವೈರಸ್ ಎಷ್ಟೈತಿ ಅಂತ ನೋಡಂಗಿಲ್ಲ, ನಿಮ್ಮ ಮೈ ಅದಕ್ಕ ಕೊಟ್ಟ ಉತ್ತರಾ ನೋಡತೈತಿ” ಎಂದರು. ಆ ಉತ್ತರವೇ ಪ್ರತಿಕಾಯ. ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ಬಿ ಕೋಶಗಳೆಂಬ ಬಿಳಿ ರಕ್ತಕಣಗಳು ಅದನ್ನು ತಯಾರಿಸತೊಡಗುತ್ತವೆ; ಚಿಕಿತ್ಸೆಯಿಂದ ವೈರಸ್ ಅಡಗಿದ ಮೇಲೂ ಅದು ಸಾಮಾನ್ಯವಾಗಿ ರಕ್ತದಲ್ಲಿ ಉಳಿದೇ ಇರುತ್ತದೆ.

ಹಾಗಾದರೆ ಆ ಪ್ರತಿಕಾಯಗಳೇ ರೋಗವನ್ನೇಕೆ ಓಡಿಸಲಿಲ್ಲ ಎಂದು ಕಾಕಾ ಕೇಳಿದ ಪ್ರಶ್ನೆಗೆ ಅವರು ಕೊಟ್ಟ ಸಮಯ ನನಗೆ ಬಹಳ ಮೆಚ್ಚುಗೆಯಾಯಿತು. ಮೊದಲು ಹುಟ್ಟುವ ಪ್ರತಿಕಾಯಗಳು ವೈರಸ್ಸಿಗೆ ಅಂಟಿಕೊಂಡರೂ ಅದು ಕೋಶದೊಳಗೆ ನುಗ್ಗುವುದನ್ನು ತಡೆಯಲಾರವು. ತಡೆಯಬಲ್ಲವು ಹುಟ್ಟಲು ತಿಂಗಳುಗಳೇ ಬೇಕು, ಅಷ್ಟರಲ್ಲಿ ವೈರಸ್ ತನ್ನ ಹೊರಕವಚವನ್ನು ಮಾರ್ಪಡಿಸಿಕೊಂಡಿರುತ್ತದೆ. ಸಾಲದ್ದಕ್ಕೆ ಆ ಕವಚದ ಮೇಲೆ ಸಕ್ಕರೆಯ ಅಣುಗಳ ದಟ್ಟ ಹೊದಿಕೆಯೂ ಇದೆ. ಹತ್ತಿ ಬೆಳೆಯುವ ಕಾಕಾಗೆ, ಹೊಡೆದ ಔಷಧಕ್ಕೆ ಬಗ್ಗದ ಕಾಯಿಕೊರಕದ ಉದಾಹರಣೆ ಕೂಡಲೇ ಮನದಟ್ಟಾಯಿತು. ಕೆಲವರಲ್ಲಿ ವರ್ಷಗಳ ಸೋಂಕಿನ ನಂತರ ಹಲವು ಬಗೆಯ ಎಚ್‌ಐವಿಯನ್ನು ತಡೆಯಬಲ್ಲ ಪ್ರತಿಕಾಯಗಳು ಮೂಡುತ್ತವೆ, ಲಸಿಕೆಯ ಸಂಶೋಧಕರು ಕಣ್ಣಿಟ್ಟಿರುವುದು ಅವುಗಳ ಮೇಲೆಯೇ; ಆದರೆ ಆ ಸೋಂಕಿತರ ಮೈಯಲ್ಲಿರುವ ವೈರಸ್ ಸಾಮಾನ್ಯವಾಗಿ ಅವುಗಳಿಂದಲೂ ನುಣುಚಿಕೊಂಡಿರುತ್ತದೆ. ಕೆಲವು ಕೋಶಗಳಲ್ಲಿ ವೈರಸ್ ಸುಪ್ತವಾಗಿ ಉಳಿಯುವುದರಿಂದ ಗುಳಿಗೆಯನ್ನು ಬಿಡುವಂತೆಯೇ ಇಲ್ಲ.

ಕೊರತೆಗಳನ್ನೂ ಹೇಳಬೇಕು. ಸಮಾಲೋಚನೆಯ ಕೋಣೆಗೆ ಬಾಗಿಲಿಲ್ಲ, ಪರದೆಯಷ್ಟೇ ಇದೆ. ಒಳಗಿನ ಮಾತು ಹೊರಗಿನ ಸಾಲಿಗೆ ಕೇಳುತ್ತದೆ. 2017ರ ಎಚ್‌ಐವಿ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿರುವಾಗ ಇದು ಸಣ್ಣ ಲೋಪವಲ್ಲ. ಇಷ್ಟು ಸೊಗಸಾಗಿ ಬಿಡಿಸಿ ಹೇಳಿದ ವಿಷಯ ಒಂದು ಪುಟದ ಕನ್ನಡ ಕರಪತ್ರವಾಗಿ ಅಲ್ಲಿ ಸಿಗುವುದಿಲ್ಲ ಎಂಬುದೂ ಬೇಸರ ತಂದಿತು. ಸುಮಾರು ಮೂರು ಗಂಟೆ ಕಾಯಬೇಕಾಯಿತು.

ಹೊರಡುವಾಗ ಆಪ್ತಸಮಾಲೋಚಕಿ ಇತ್ತೀಚಿನ ವೈರಲ್ ಲೋಡ್ ವರದಿಯ ಪ್ರತಿಯನ್ನು ಕಾಕಾರ ಕೈಗಿಟ್ಟು, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ಇದನ್ನೇ ಮೊದಲು ತೋರಿಸಿ ಎಂದರು. ಅಂದು ಬಸ್‌ ನಿಲ್ದಾಣದಲ್ಲಿ ಕಾಕಾ ತಾವಾಗಿಯೇ ಊಟ ಕೇಳಿದರು.