ರೀಲ್ಸ್‌ಗೆ ಶುರುವಲ್ಲೇ ತಡೆ ಹಾಕುವ ಆ್ಯಪ್: ವರ್ಷಕ್ಕೂ ಜಾಸ್ತಿ ಬಳಸಿದ ಅನುಭವ

ಮೊದಲು ಫೋನಿನಲ್ಲೇ ಬರುವ ಟೈಮರ್ ಬಳಸುತ್ತಿದ್ದೆ. ಇಟ್ಟ ಸಮಯ ಮುಗಿದ ತಕ್ಷಣ ಪರದೆ ಮುಚ್ಚುತ್ತದೆ, ಆದರೆ ಅಲ್ಲೇ 'ಇನ್ನು 15 ನಿಮಿಷ' ಅನ್ನೋ ಬಟನ್ ಕೂಡ ಇರುತ್ತದೆ. ಅಷ್ಟು ಹೊತ್ತು ರೀಲ್ಸ್ ನೋಡಿದವರು ಯಾವುದನ್ನು ಒತ್ತುತ್ತಾರೆ ಅಂತ ಹೇಳಬೇಕಾ? ಈಗ ಬಳಸುತ್ತಿರುವ ಆ್ಯಪ್ ಹಾಗಲ್ಲ. ಇದು ಒಳಗೆ ಹೋಗುವ ಮೊದಲೇ ತಡೆಯುತ್ತದೆ.

ರೀಲ್ಸ್ ಐಕಾನ್ ಒತ್ತಿದ ಕೂಡಲೇ ಪರದೆಯಲ್ಲಿ ಒಂದೇ ಬಣ್ಣ ನಿಧಾನಕ್ಕೆ ಮೇಲೇರಿ ಇಳಿಯುತ್ತದೆ. ಅಷ್ಟು ಹೊತ್ತು ಉಸಿರು ಎಳೆದು ಬಿಡಬೇಕು. ಆಮೇಲೆ ಇವತ್ತು ಇದು ಎಷ್ಟನೇ ಸಲ ಅಂತ ತೋರಿಸಿ, ತೆರೆಯಬೇಕೋ ಬೇಡವೋ ಅಂತ ಕೇಳುತ್ತದೆ. ಇಷ್ಟೇ. ಫೋನ್ ಎತ್ತಿಕೊಂಡದ್ದು ಯಾರದ್ದೋ ಮೆಸೇಜಿಗೆ ಉತ್ತರ ಕೊಡಲು, ಬೆರಳು ತಾನಾಗೇ ಈ ಕಡೆ ಬಂದಿದೆ ಅನ್ನೋದು ಆ ಕೆಲವು ಸೆಕೆಂಡಿನಲ್ಲಿ ಹೊಳೆಯುತ್ತದೆ.

ತಡೆ ಶುರುವಲ್ಲೇ ಯಾಕಿರಬೇಕು? ಡೋಪಮೈನ್ ಅಂದರೆ ಖುಷಿಯ ರಾಸಾಯನಿಕ ಅಂತ ಎಲ್ಲರೂ ಹೇಳುತ್ತಾರೆ. ಅದು ಅಷ್ಟು ಸರಳ ಅಲ್ಲ. ನರವಿಜ್ಞಾನಿ ವೊಲ್ಫ್‌ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಸೂಚನೆ ಬಂದ ಮೇಲೆ ಹಣ್ಣಿನ ರಸ ಸಿಗುತ್ತದೆ ಅಂತ ಕೋತಿ ಕಲಿತಿತು. ಆಮೇಲೆ ಅದರ ಡೋಪಮೈನ್ ನರಕೋಶಗಳು ಚುರುಕಾಗುತ್ತಿದ್ದದ್ದು ಸೂಚನೆ ಕಂಡಾಗ, ರಸ ಕುಡಿಯುವಾಗ ಅಲ್ಲ. ನಮಗೆ ಆ ಐಕಾನೇ ಸೂಚನೆ. ಬೇಕು ಅನಿಸುವುದಕ್ಕೂ ಹಿಡಿಸುವುದಕ್ಕೂ ಮೆದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆ ಇದೆ ಅಂತ ಮೆದುಳಿನ ಸಂಶೋಧಕ ಕೆಂಟ್ ಬೆರಿಡ್ಜ್ ತೋರಿಸಿದ್ದಾರೆ. ಒಂದು ವಿಡಿಯೋನೂ ಹಿಡಿಸದಿದ್ದರೂ ಮುಂದಿನದು ಬೇಕು ಅನಿಸುತ್ತಲೇ ಇರುವುದು ಅದಕ್ಕೇ.

ಒಳಗೆ ಹೋದ ಮೇಲಂತೂ ಕಷ್ಟ. ಗುಂಡಿಯನ್ನು ಎಷ್ಟು ಸಲ ಕುಟುಕಿದರೆ ಕಾಳು ಬೀಳುತ್ತದೆ ಅಂತ ಗೊತ್ತಿಲ್ಲದಾಗಲೇ ಮನೋವಿಜ್ಞಾನಿ ಸ್ಕಿನ್ನರ್ ಅವರ ಪ್ರಯೋಗದ ಪಾರಿವಾಳಗಳು ಬಿಡದೆ ಕುಟುಕುತ್ತಿದ್ದವು. ಮುಂದಿನ ವಿಡಿಯೋ ಹೇಗಿರುತ್ತದೆ ಅಂತ ನಮಗೂ ಗೊತ್ತಿರುವುದಿಲ್ಲ. ಆ ಹೊತ್ತಿನಲ್ಲಿ ಬಂದು ನಿಲ್ಲಿಸು ಅನ್ನುವ ಟೈಮರ್ ಸೋಲುವುದು ಸಹಜ. ಇಂಥದ್ದೇ ಒಂದು ಆ್ಯಪ್ ಬಗ್ಗೆ 2023ರಲ್ಲಿ ಅಧ್ಯಯನ ಪ್ರಕಟವಾಗಿದೆ. ಉಸಿರಾಟದ ಪರದೆ ಬಂದಾಗ ನೂರಕ್ಕೆ 36 ಸಲ ಜನ ಒಳಗೆ ಹೋಗದೆ ವಾಪಸ್ ಬಂದಿದ್ದರು.

ಕೊರತೆಗಳೂ ಇವೆ. ಕೆಲವು ತಿಂಗಳಾದ ಮೇಲೆ ಆ ಪರದೆಯೂ ರೂಢಿಯಾಗುತ್ತದೆ, ಸುಮ್ನೆ ಕಾದು ಒಳಗೆ ಹೋಗಿಬಿಡುತ್ತೇವೆ. ಆಗಾಗ ಸೆಟಿಂಗ್ಸ್‌ಗೆ ಹೋಗಿ ಕಾಯುವ ಸಮಯ ಹೆಚ್ಚಿಸಬೇಕು. ಬ್ರೌಸರ್‌ನಲ್ಲಿ ತೆರೆದರೆ ತಡೆ ಇಲ್ಲ, ಅದು ದೊಡ್ಡ ತೂತು. ರಾತ್ರಿ ಸುಸ್ತಾಗಿ ಮಲಗಿದಾಗ ಪರಿಣಾಮ ತೀರಾ ಕಡಿಮೆ. ಆಗ ಫೋನ್ ಬೇರೆ ಕೋಣೆಯಲ್ಲಿ ಇಡುವುದೇ ಒಳ್ಳೆಯದು.

ಆದರೂ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ನೋಡುವುದು ಪೂರ್ತಿ ನಿಂತಿಲ್ಲ, ಆದರೆ ಬೇಕು ಅಂತಲೇ ನೋಡುವುದು ಜಾಸ್ತಿಯಾಗಿದೆ. ಮಕ್ಕಳ ಫೋನಿಗೆ ಹಾಕುವುದಾದರೆ ಅವರ ಜೊತೆ ಕೂತು, ಒಪ್ಪಿಸಿ ಹಾಕಿ. ಒಪ್ಪದಿದ್ದರೆ ನಿಮಿಷದೊಳಗೆ ಡಿಲೀಟ್ ಮಾಡಿಬಿಡುತ್ತಾರೆ.