ಅಂಗಡಿಗೆ ಅಗ್ನಿ ವಿಮೆಯೊಂದೇ ಸಾಕೇ, ಲಾಭನಷ್ಟದ ವಿಮೆಯೂ ಬೇಕೇ?

ಚಿಕ್ಕಪೇಟೆಯ ಒಂದು ಬಟ್ಟೆ ಅಂಗಡಿಗೆ ಬೆಂಕಿ ಬಿತ್ತು ಎಂದಿಟ್ಟುಕೊಳ್ಳಿ. ಅಗ್ನಿ ವಿಮೆ ಸುಟ್ಟ ಸೀರೆಗಳಿಗೆ, ಕಪಾಟಿಗೆ, ವೈರಿಂಗ್‌ಗೆ ಹಣ ಕೊಡುತ್ತದೆ. ಬಾಗಿಲು ಮುಚ್ಚಿದ ತಿಂಗಳುಗಳ ಬಾಡಿಗೆ, ಕೆಲಸದವರ ಸಂಬಳ, ದೀಪಾವಳಿಯಲ್ಲಿ ಕೈತಪ್ಪಿದ ಲಾಭ ಅದರ ಲೆಕ್ಕಕ್ಕೆ ಬರುವುದಿಲ್ಲ. ಅವುಗಳಿಗೆ ಲಾಭನಷ್ಟದ ವಿಮೆಯೇ ಬೇಕು.

5 ಕೋಟಿ ರೂಪಾಯಿವರೆಗಿನ ಆಸ್ತಿಗೆ 2021ರ ಏಪ್ರಿಲ್‌ನಿಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಅಗ್ನಿ ವಿಮೆಯ ಪಾಲಿಸಿ ಇದೆ. ಪ್ರವಾಹ, ಭೂಕಂಪವೂ ಇದರಲ್ಲಿ ಸೇರಿವೆ. ವಿಮಾ ಮೊತ್ತ ಆಸ್ತಿಯ ನಿಜ ಬೆಲೆಗಿಂತ ಶೇ 15ರವರೆಗೆ ಕಡಿಮೆ ಬಿದ್ದರೂ ಅದಕ್ಕಾಗಿ ಪರಿಹಾರ ಕಡಿತಗೊಳಿಸುವುದಿಲ್ಲ. ಸ್ವಂತ ಕಟ್ಟಡದಲ್ಲಿ ಸಣ್ಣ ದಾಸ್ತಾನು ಇಟ್ಟುಕೊಂಡು, ವಾರದೊಳಗೆ ಮತ್ತೆ ವ್ಯಾಪಾರ ಶುರುಮಾಡಬಲ್ಲವರಿಗೆ ಇಷ್ಟು ಸಾಕು. ಬಾಡಿಗೆ, ಸಾಲದ ಕಂತು, ಹತ್ತು ಜನರ ಸಂಬಳ ಹೊತ್ತವರು ಎರಡನ್ನೂ ಮಾಡಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಲಾಭನಷ್ಟದ ವಿಮೆ ಒಂಟಿಯಾಗಿ ನಿಲ್ಲುವುದಿಲ್ಲ. ಆಸ್ತಿಯ ಪಾಲಿಸಿ ಜಾರಿಯಲ್ಲಿದ್ದು, ಅದರಡಿ ಹಾನಿಯನ್ನು ಕಂಪನಿ ಒಪ್ಪಿದರೆ ಮಾತ್ರ ಇದರ ಹಣ. ಅಗ್ನಿ ವಿಮೆಯ ಅವಧಿ ಮುಗಿದ ಮರುದಿನವೇ ಬೆಂಕಿ ಬಿದ್ದರೂ ಎರಡೂ ಕೈಬಿಡುತ್ತವೆ. ಜೀವ ವಿಮೆಯಂತೆ ಇಲ್ಲಿ ಗಡುವು ದಾಟಿದ ಮೇಲೂ ಪ್ರೀಮಿಯಂ ಕಟ್ಟಬಹುದಾದ ರಿಯಾಯಿತಿ ದಿನಗಳ ಆಸರೆ ಇಲ್ಲ. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಮೊದಲೇ ಸಂದಾಯವಾಗದೆ ಕಂಪನಿಯ ಹೊಣೆ ಶುರುವಾಗುವುದಿಲ್ಲ. ಸಾಲವಿರುವಷ್ಟು ಕಾಲ ಬ್ಯಾಂಕೇ ನವೀಕರಣದ ಬೆನ್ನು ಹತ್ತುತ್ತದೆ, ಸಾಲ ತೀರಿದ ಮೇಲೆ ಕೇಳುವವರಿರುವುದಿಲ್ಲ. ಪಾಲಿಸಿ ಕೈಜಾರುವ ಅಪಾಯ ಹೆಚ್ಚುವುದು ಆಗಲೇ. ಎರಡೂ ಪಾಲಿಸಿಗಳ ಕೊನೆಯ ದಿನಾಂಕ ಒಂದೇ ಇರುವಂತೆ ಏಜೆಂಟರಿಗೆ ಹೇಳಿ ಮಾಡಿಸಿಕೊಳ್ಳಿ.